ಉತ್ತರ ಕೊಟ್ಟವರು ಯಾರು? ಟರ್ಮಿನಲ್‌ನಲ್ಲಿ ಕೂತು ಡಿಎನ್‌ಎಸ್ ನೋಡಿಕೊಳ್ಳುವುದು

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಈ ಬಿಸಿಲಲ್ಲಿ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಡಿಪ್ಲೊಮಾ ಓದುವವರಿದ್ದೀರಿ, ಆನ್‌ಲೈನ್ ಸೆಂಟರ್ ನಡೆಸುವವರಿದ್ದೀರಿ, ಜೀನ್ಸ್ ಯೂನಿಟ್‌ಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರೂ ಇದ್ದೀರಿ. ನಿಮಗೆಲ್ಲ ದಿನಾ ಬರುವ ಫೋನು ಒಂದೇ: "ಅಣ್ಣಾ, ನೆಟ್ ಬರ್ತಿಲ್ಲ ನೋಡ್ರಿ." ಹೋಗಿ ನೋಡಿದರೆ ಎಷ್ಟೋ ಸಲ ನೆಟ್ ಸರಿಯಾಗೇ ಇರುತ್ತದೆ. ಹೆಸರು ಮಾತ್ರ ಸಿಗುತ್ತಿರುವುದಿಲ್ಲ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, 1.1.1.1 ಅನ್ನು ಪಿಂಗ್ ಮಾಡಿ, ಅಂದರೆ ಆ ಸರ್ವರ್ ಉತ್ತರಿಸುತ್ತದಾ ಅಂತ ಕೇಳಿ ನೋಡಿ. ಉತ್ತರ ಬಂತು, ಆದರೆ ಹೆಸರು ಕೊಟ್ಟು ಪಿಂಗ್ ಮಾಡಿದರೆ ಬರಲಿಲ್ಲ ಅಂದರೆ ಕೇಬಲ್ ಅಲ್ಲಾಡಿಸಬೇಡಿ, ರೂಟರ್ ಆಫ್ ಮಾಡಬೇಡಿ. ಅದು ಡಿಎನ್‌ಎಸ್ ಸಮಸ್ಯೆ, ಅಂದರೆ ಹೆಸರಿಗೆ ಐಪಿ ವಿಳಾಸ (ಮೆಷಿನ್‌ನ ಅಂಕಿ ವಿಳಾಸ) ಹುಡುಕಿಕೊಡುವ ವ್ಯವಸ್ಥೆಯದು.

ಇವತ್ತು ನಾನು ಹೇಳಬೇಕಾಗಿರುವುದು ಒಂದೇ ಮಾತು. ಒಂದು ಹೆಸರಿಗೆ ಯಾವ ಐಪಿ ವಿಳಾಸ ಬಂತು ಅಂತ ಎಲ್ಲರೂ ನೋಡುತ್ತಾರೆ, ಅದನ್ನು ಕೊಟ್ಟವರು ಯಾರು ಅಂತ ನೋಡುವವರು ಕಡಿಮೆ. ನಿಮ್ಮ ಪ್ರಶ್ನೆಗೆ ಉತ್ತರ ಕೊಡಬಲ್ಲವರು ದಾರಿಯುದ್ದಕ್ಕೂ ನಾಲ್ಕೈದು ಜನ ಇದ್ದಾರೆ: ಬ್ರೌಸರ್, ನಿಮ್ಮ ಮೆಷಿನ್‌ನ ಹೋಸ್ಟ್ಸ್ ಫೈಲು, ಮೆಷಿನ್ ಒಳಗಿನ ರಿಸಾಲ್ವರ್ (ಹೆಸರಿಗೆ ವಿಳಾಸ ಹುಡುಕಿ ತರುವ ಸೇವೆ), ರೂಟರ್, ಇಂಟರ್ನೆಟ್ ಕೊಡುವ ಕಂಪನಿಯ ಸರ್ವರ್. ಎಲ್ಲರ ಹಿಂದೆ ಆ ಹೆಸರಿನ ಅಸಲಿ ಸರ್ವರ್. ಟರ್ಮಿನಲ್‌ನ ಲಾಭ ಇರುವುದೇ ಇಲ್ಲಿ. ಇವರಲ್ಲಿ ಹೆಚ್ಚಿನವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಬಹುದು.

ಸ್ವಲ್ಪ ಹಿಂದಿನ ಕಥೆ. ಇಂಟರ್ನೆಟ್‌ಗೂ ಮುಂಚಿನ ಅರ್ಪಾನೆಟ್ ನೆಟ್‌ವರ್ಕ್ ಕಾಲದಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರು, ವಿಳಾಸ ಒಂದೇ ಫೈಲಿನಲ್ಲಿ ಇರುತ್ತಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು, ಉಳಿದವರು ಅಲ್ಲಿಂದ ಇಳಿಸಿಕೊಳ್ಳುತ್ತಿದ್ದರು. ಮೆಷಿನ್‌ಗಳು ಜಾಸ್ತಿ ಆದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. 1987ರಲ್ಲಿ ಬಂದ ಆರ್‌ಎಫ್‌ಸಿ (ಇಂಟರ್ನೆಟ್‌ನ ನಿಯಮ ಪತ್ರ) 1034 ಮತ್ತು 1035 ಇವತ್ತಿಗೂ ಅದರ ಬುಡ. ಆದರೆ ಆ ಹಳೇ ಫೈಲಿನ ಮರಿ ಈಗಲೂ ನಿಮ್ಮ ಲ್ಯಾಪ್‌ಟಾಪ್‌ನಲ್ಲಿದೆ, ಈಟಿಸಿ ಫೋಲ್ಡರ್ ಒಳಗೆ, ಹೋಸ್ಟ್ಸ್ ಅನ್ನೋ ಹೆಸರಲ್ಲಿ. ಅದು ಕೊಡುವ ತೊಂದರೆಗೆ ಆಮೇಲೆ ಬರುತ್ತೇನೆ.

ಮೊದಲು ಡಿಗ್, ಡಿಎನ್‌ಎಸ್ ಪ್ರಶ್ನೆ ಕೇಳುವ ಕಮಾಂಡ್. ಲಿನಕ್ಸ್‌ನ ಉಬುಂಟು, ಡೆಬಿಯನ್‌ನಲ್ಲಿ ಅದು ಇಲ್ಲದಿದ್ದರೆ ಡಿಎನ್‌ಎಸ್‌ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ, ಫೆಡೋರಾದಲ್ಲಿ ಬೈಂಡ್-ಯುಟಿಲ್ಸ್. ಡಿಗ್ ಅಂತ ಬರೆದು, ಪಕ್ಕದಲ್ಲಿ ಎಕ್ಸಾಂಪಲ್ ಡಾಟ್ ಕಾಮ್ ಅಂತ ಕೊಟ್ಟು ಎಂಟರ್ ಒತ್ತಿ. ಈ ಹೆಸರನ್ನು ಉದಾಹರಣೆಗೆಂದೇ ಮೀಸಲಿಟ್ಟಿದ್ದಾರೆ, ಎಷ್ಟು ಬೇಕಾದರೂ ಕೇಳಿ. ಪರದೆ ತುಂಬಾ ಸಾಲು ಬರುತ್ತವೆ. ಪ್ಲಸ್ ಶಾರ್ಟ್ ಅಂತ ಸೇರಿಸಿದರೆ ಬರೀ ವಿಳಾಸ ಬರುತ್ತದೆ ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಕಲಿಯುವಾಗ ದಯವಿಟ್ಟು ಅದನ್ನು ಸೇರಿಸಬೇಡಿ. ನಮಗೆ ಬೇಕಾದ ಮೂರು ವಿಷಯ ಆ ಉದ್ದ ಉತ್ತರದಲ್ಲೇ ಇವೆ.

ಮೇಲ್ಗಡೆ ಸ್ಟೇಟಸ್ ಅಂತ ಇರುತ್ತದೆ. ನೋಎರರ್ ಅಂದರೆ ವಿಚಾರಣೆ ಸರಿಯಾಗಿ ಮುಗಿದಿದೆ. ಎನ್‌ಎಕ್ಸ್‌ಡೊಮೇನ್ ಅಂದರೆ ಅಂಥ ಹೆಸರೇ ಇಲ್ಲ, ನೀವು ತಪ್ಪು ಟೈಪ್ ಮಾಡಿರಬಹುದು ಅಥವಾ ಡೊಮೇನ್ ರಿನ್ಯೂ ಆಗಿರಲಿಕ್ಕಿಲ್ಲ. ಸರ್ವ್‌ಫೇಲ್ ಅಂದರೆ ಬೇರೆ ಕಥೆ: ಹೆಸರು ಇರಬಹುದು, ಆದರೆ ರಿಸಾಲ್ವರ್‌ಗೆ ನಂಬುವಂಥ ಉತ್ತರ ತರಲು ಆಗಲಿಲ್ಲ. ಆಗ ಪ್ಲಸ್ ಸಿಡಿ ಸೇರಿಸಿ ಇನ್ನೊಮ್ಮೆ ಕೇಳಿ. ಉತ್ತರ ಅಸಲಿ ಅಂತ ತೋರಿಸುವ ಡಿಎನ್‌ಎಸ್‌ಸೆಕ್ ಸಹಿಯನ್ನು ಪರೀಕ್ಷೆ ಮಾಡಬೇಡ ಅಂತ ಅದರ ಅರ್ಥ. ಈಗ ಉತ್ತರ ಬಂತು ಅಂದರೆ ಕೆಟ್ಟಿರುವುದು ಆ ಡೊಮೇನಿನ ಸಹಿ, ನಿಮ್ಮ ನೆಟ್ ಅಲ್ಲ.

ನಡುವೆ ಉತ್ತರದ ಸಾಲಿನಲ್ಲಿ ಹೆಸರಿನ ಪಕ್ಕ ಒಂದು ಅಂಕಿ ಇದೆ. ಅದು ಟಿಟಿಎಲ್, ಈ ಉತ್ತರವನ್ನು ಇನ್ನೆಷ್ಟು ಸೆಕೆಂಡು ಇಟ್ಟುಕೊಳ್ಳಬಹುದು ಅನ್ನೋ ಲೆಕ್ಕ. ಸ್ವಲ್ಪ ಬಿಟ್ಟು ಮತ್ತೆ ಕೇಳಿ. ಅಂಕಿ ಇಳಿದಿದ್ದರೆ ಉತ್ತರ ಯಾರದೋ ಕ್ಯಾಶ್‌ನಿಂದ, ಅಂದರೆ ಮೊದಲೇ ಇಟ್ಟುಕೊಂಡದ್ದರಿಂದ, ಬರುತ್ತಿದೆ. ಅಸಲಿ ಸರ್ವರನ್ನೇ ಕೇಳಿದರೆ ಅದು ಇಳಿಯುವುದಿಲ್ಲ, ಪ್ರತಿ ಸಲ ಪೂರ್ತಿ ಅಂಕಿಯೇ ಬರುತ್ತದೆ.

ಕೆಳಗಡೆ ಸರ್ವರ್ ಅನ್ನೋ ಸಾಲು. ಉತ್ತರ ಕೊಟ್ಟವರ ವಿಳಾಸ ಅದು. ಉಬುಂಟುವಿನಲ್ಲಿ ಅಲ್ಲಿ 127.0.0.53 ಅಂತ ಕಾಣುತ್ತದೆ. ಅಂದರೆ ಡಿಗ್ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಆಚೆ ಹೋಗೇ ಇಲ್ಲ! ಒಳಗೇ ಇರುವ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಅನ್ನೋ ಸೇವೆಯನ್ನು ಕೇಳಿ ಬಂದಿದೆ.

ಇದು ಯಾಕೆ ಮುಖ್ಯ ಅಂತ ತೋರಿಸುತ್ತೇನೆ. ಒಂದು ಜೀನ್ಸ್ ಯೂನಿಟ್ ಇದೆ ಅಂದುಕೊಳ್ಳಿ. ಬಿಲ್ಲಿಂಗ್ ಸರ್ವರ್ ಗೋಡೌನ್‌ನಲ್ಲಿ, ಅದರ ವಿಳಾಸ 192.168.1.50. ಹೆಸರು ಲೆಕ್ಕ ಡಾಟ್ ಇಂಟರ್ನಲ್. ಡಾಟ್ ಇಂಟರ್ನಲ್ ಅನ್ನೋದನ್ನು ಒಳಗಿನ ಬಳಕೆಗೆಂದೇ ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ 2024ರಲ್ಲಿ ಮೀಸಲಿಟ್ಟಿತು, ಹಾಗಾಗಿ ಧೈರ್ಯವಾಗಿ ಬಳಸಿ. ಡಾಟ್ ಲೋಕಲ್ ಮಾತ್ರ ಬೇಡ, ಅದು ಸರ್ವರ್ ಇಲ್ಲದೆ ಪಕ್ಕದ ಮೆಷಿನ್‌ಗಳನ್ನೇ ಕೇಳುವ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಸೇರಿದ್ದು. ಈ ಸರ್ವರನ್ನು ಬದಲಿಸಿದರು, ಹೊಸ ವಿಳಾಸ 192.168.1.80. ರೂಟರ್‌ನಲ್ಲಿ ತಿದ್ದಿಯೂ ಆಯಿತು. ಎಲ್ಲ ಮೆಷಿನ್‌ನಲ್ಲಿ ಬಿಲ್ ಆಗುತ್ತಿದೆ, ಕಟಿಂಗ್ ಸೆಕ್ಷನ್‌ನ ಒಂದು ಲ್ಯಾಪ್‌ಟಾಪ್ ಮಾತ್ರ ಹಳೇ ವಿಳಾಸಕ್ಕೇ ಹೋಗುತ್ತಿದೆ. ಡಿಗ್ ಹಾಕಿದರೂ 50 ಅಂತಲೇ ಹೇಳುತ್ತದೆ. ರೂಟರ್ ಸರಿಯಿಲ್ಲ ಅಂತ ತೀರ್ಮಾನ ಮಾಡಿಬಿಡುವುದು ಸಹಜ, ಅಲ್ವಾ?

ಈಗ ರೂಟರನ್ನೇ ನೇರವಾಗಿ ಕೇಳಿ. ಡಿಗ್ ಆದ ಮೇಲೆ ಅಟ್ ಚಿಹ್ನೆ, ಅದಕ್ಕೆ ಅಂಟಿಸಿ 192.168.1.1, ಆಮೇಲೆ ಹೆಸರು. ಉತ್ತರ 80 ಅಂತ ಬಂತು. ರೂಟರ್ ಸರಿಯಾಗಿದೆ, ತಪ್ಪು ಲ್ಯಾಪ್‌ಟಾಪ್ ಒಳಗೇ ಇದೆ. ಈಗ ಆ ಒಳಗಿನ ಸೇವೆಯನ್ನೇ ಕೇಳುವ ಕಮಾಂಡ್, ರಿಸಾಲ್ವ್‌ಸಿಟಿಎಲ್ ಕ್ವೆರಿ ಅಂತ ಬರೆದು ಅದೇ ಹೆಸರು ಕೊಡಿ. ಈಚಿನ ಆವೃತ್ತಿಗಳಲ್ಲಿ ಉತ್ತರದ ಕೊನೆಗೆ ಡೇಟಾ ಫ್ರಮ್ ಅನ್ನೋ ಸಾಲು ಬರುತ್ತದೆ. ಅಲ್ಲಿ ನೆಟ್‌ವರ್ಕ್ ಅಂತಿದ್ದರೆ ಆಚೆಯಿಂದ ಬಂದದ್ದು, ಕ್ಯಾಶ್ ಅಂತಿದ್ದರೆ ಇಟ್ಟುಕೊಂಡಿದ್ದು. ಇಲ್ಲಿ ಸಿಂಥೆಟಿಕ್ ಅಂತ ಬಂದಿದೆ. ಅಂದರೆ ಯಾರನ್ನೂ ಕೇಳದೆ ಮೆಷಿನ್ ತಾನೇ ಹೇಳಿದ್ದು. ಹೋಸ್ಟ್ಸ್ ಫೈಲ್ ತೆರೆದು ನೋಡಿ, ಯಾರೋ ಯಾವತ್ತೋ ಬರೆದ ಒಂದು ಸಾಲು ಅಲ್ಲಿ ಕೂತಿದೆ. ಅಳಿಸಿ, ಕೆಲಸ ಮುಗಿಯಿತು.

ಡಿಗ್ ಹೋಸ್ಟ್ಸ್ ಫೈಲನ್ನು ಓದುವುದಿಲ್ಲ ಅಂತ ನೀವು ಕೇಳಿರುತ್ತೀರಿ. ನಿಜ, ಡಿಗ್ ಓದುವುದಿಲ್ಲ. ಆದರೆ ಡಿಗ್ ಕೇಳುವ ಆ ಒಳಗಿನ ಸೇವೆ ಓದುತ್ತದೆ. ಸರ್ವರ್ ಸಾಲು ನೋಡದವರಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಬೇರೆ ಪ್ರೋಗ್ರಾಂಗಳಿಗೆ ಕಾಣುವ ಉತ್ತರವೇ ಬೇಕು ಅಂದರೆ ಗೆಟ್‌ಎಂಟ್ ಹೋಸ್ಟ್ಸ್ ಅಂತ ಬರೆದು ಹೆಸರು ಕೊಡಿ. ಯಾರನ್ನು ಮೊದಲು ಕೇಳಬೇಕು ಅನ್ನೋ ಸರದಿ ಎನ್‌ಎಸ್‌ಸ್ವಿಚ್ ಡಾಟ್ ಕಾನ್ಫ್ ಫೈಲಿನಲ್ಲಿದೆ, ಗೆಟ್‌ಎಂಟ್ ಅದನ್ನೇ ಪಾಲಿಸುತ್ತದೆ.

ಈಗ ಊರ ಆಚೆಗೆ ಹೋಗೋಣ. ಡಿಗ್‌ಗೆ ಪ್ಲಸ್ ಟ್ರೇಸ್ ಸೇರಿಸಿದರೆ ಅದು ಬುಡದಿಂದ ಹೊರಡುತ್ತದೆ. ಮೊದಲು ರೂಟ್ ಸರ್ವರ್‌ಗಳು, ಎ ಇಂದ ಎಂ ವರೆಗೆ 13 ಹೆಸರು. ಆಮೇಲೆ ಡಾಟ್ ಕಾಮ್ ಅಥವಾ ಡಾಟ್ ಇನ್ ಸರ್ವರ್‌ಗಳು, ಕೊನೆಗೆ ಆ ಡೊಮೇನಿನ ಸ್ವಂತ ಸರ್ವರ್. ಮೋತಿ ಸರ್ಕಲ್‌ನಲ್ಲಿ ನಿಂತು ಕೌಲ್ ಬಜಾರ್‌ನ ಒಂದು ಮನೆ ಕೇಳಿದರೆ, ಮನೆ ಗೊತ್ತಿಲ್ಲ, ಅಲ್ಲಿ ಹೋಗಿ ಕೇಳ್ರಿ ಅಂತ ದಾರಿ ತೋರಿಸುತ್ತಾರಲ್ಲ, ರೂಟ್ ಸರ್ವರ್ ಮಾಡುವುದೂ ಅಷ್ಟೇ. ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಇರುವ ಡೊಮೇನೂ ಈ ರೂಟ್‌ನಲ್ಲಿದೆ. ತಂತಿಯ ಮೇಲೆ ಅದು ಎಕ್ಸ್‌ಎನ್, ಎರಡು ಡ್ಯಾಶ್, 2ಎಸ್‌ಸಿಆರ್‌ಜೆ9ಸಿ ಅನ್ನೋ ರೂಪದಲ್ಲಿ ಓಡಾಡುತ್ತದೆ. ಡಿಗ್‌ನಲ್ಲಿ ಅದರ ಎನ್‌ಎಸ್ ದಾಖಲೆ (ಅದಕ್ಕೆ ಉತ್ತರ ಕೊಡುವ ಸರ್ವರ್‌ಗಳ ಹೆಸರು) ಕೇಳಿ ನೋಡಿ. ನಮ್ಮ ಅಕ್ಷರಕ್ಕೆ ಜಗತ್ತಿನ ರೂಟ್ ಉತ್ತರ ಕೊಡುವುದನ್ನು ನೋಡಿದರೆ ನನಗಂತೂ ಹೆಮ್ಮೆ ಆಗುತ್ತದೆ.

ಪ್ಲಸ್ ಟ್ರೇಸ್ ಜಾಸ್ತಿ ಉಪಯೋಗಕ್ಕೆ ಬರುವುದು ವೆಬ್‌ಸೈಟ್ ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಹೋದಾಗ. ಗಂಗಾವತಿಯ ಒಂದು ರೈಸ್ ಮಿಲ್ ಸೈಟ್ ಬದಲಾಯಿತು ಅಂತಿಟ್ಟುಕೊಳ್ಳಿ. ಮಾಲೀಕರ ಫೋನಿನಲ್ಲಿ ಹೊಸದು ಕಾಣುತ್ತದೆ, ರಾಯಚೂರಿನ ವ್ಯಾಪಾರಿಗೆ ಹಳೆಯದೇ ಕಾಣುತ್ತದೆ. 24 ಗಂಟೆ ಕಾಯಿರಿ, ಇಂಟರ್ನೆಟ್‌ನಲ್ಲಿ ಹರಡಬೇಕು ಅಂತ ಹೇಳುವುದು ರೂಢಿ. ಏನೂ ಹರಡುವುದಿಲ್ಲ. ಹಳೇ ಉತ್ತರ ಇಟ್ಟುಕೊಂಡವರ ಟಿಟಿಎಲ್ ಮುಗಿಯಬೇಕು, ಅಷ್ಟೇ. ಟ್ರೇಸ್‌ನಲ್ಲಿ ಹೊಸ ವಿಳಾಸ ಬಂತು ಅಂದರೆ ನಿಮ್ಮ ಕೆಲಸ ಸರಿಯಾಗಿದೆ. ವ್ಯಾಪಾರಿ ಇನ್ನೆಷ್ಟು ಹೊತ್ತು ಕಾಯಬೇಕು ಅನ್ನೋದು ಅವರ ಕಡೆಯ ಡಿಗ್‌ನ ಅಂಕಿಯಲ್ಲೇ ಇದೆ.

ಮುಂಚೆಯೇ ಗೊತ್ತಿದ್ದರೆ ಟಿಟಿಎಲ್ ಅನ್ನು 300ಕ್ಕೆ ಇಳಿಸಿ. ಆದರೆ ಹಳೇ ಟಿಟಿಎಲ್ 86400 ಇದ್ದರೆ, ಇಳಿಸಿದ ಮೇಲೆ ಪೂರ್ತಿ ಒಂದು ದಿನ ಬಿಟ್ಟು ವಿಳಾಸ ಬದಲಿಸಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಪ್ರಯೋಜನವಿಲ್ಲ, ಹಳೇ ಅಂಕಿ ಹಿಡಿದುಕೊಂಡವರು ಹಾಗೇ ಕೂತಿರುತ್ತಾರೆ. ಇನ್ನೊಂದು ವಿಷಯ. ಹೊಸ ಹೆಸರನ್ನು ದಾಖಲಿಸುವ ಮೊದಲೇ ಸುಮ್ನೆ ಬ್ರೌಸರ್‌ನಲ್ಲಿ ಹೊಡೆದು ನೋಡಬೇಡಿ. ಇಲ್ಲ ಅನ್ನೋ ಉತ್ತರವನ್ನೂ ರಿಸಾಲ್ವರ್ ಇಟ್ಟುಕೊಳ್ಳುತ್ತದೆ. ಆ ನಿಯಮ 1998ರ ಆರ್‌ಎಫ್‌ಸಿ 2308ರಲ್ಲಿದೆ, ಎಷ್ಟು ಹೊತ್ತು ಅನ್ನೋದು ಡೊಮೇನಿನ ಮೂಲ ವಿವರ ಇರುವ ಎಸ್‌ಒಎ ದಾಖಲೆಯಲ್ಲಿದೆ.

ಕ್ಯಾಶ್ ಖಾಲಿ ಮಾಡಲು ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್, ಸ್ಪೇಸ್, ಓರೆ ಗೆರೆ, ಫ್ಲಶ್‌ಡಿಎನ್‌ಎಸ್. ಇವು ನಿಮ್ಮ ಮೆಷಿನ್ ಒಳಗಿನದನ್ನು ಮಾತ್ರ ಒರೆಸುತ್ತವೆ. ರೂಟರ್‌ನದು, ಇಂಟರ್ನೆಟ್ ಕಂಪನಿಯದು ಹಾಗೇ ಇರುತ್ತದೆ. ಬ್ರೌಸರ್‌ಗೂ ತನ್ನದೇ ಕ್ಯಾಶ್ ಇದೆ. ಸೆಕ್ಯೂರ್ ಡಿಎನ್‌ಎಸ್ ಆನ್ ಆಗಿದ್ದರೆ ಅದು ನಿಮ್ಮ ರಿಸಾಲ್ವರನ್ನು ಬಿಟ್ಟು ಬೇರೆಯವರನ್ನೇ ಕೇಳುತ್ತಿರಬಹುದು. ಡಿಗ್ ಒಂದು ಹೇಳಿ ಬ್ರೌಸರ್ ಇನ್ನೊಂದು ಮಾಡಿದರೆ ಮೊದಲು ಆ ಸೆಟ್ಟಿಂಗ್ ನೋಡಿ.

ಸರ್ವರನ್ನೇ ಬದಲಿಸಬೇಕಾ? ರಿಸಾಲ್ವ್ ಡಾಟ್ ಕಾನ್ಫ್ ಫೈಲನ್ನು ಕೈಯಲ್ಲಿ ತಿದ್ದಲು ಹೋಗಬೇಡಿ. ಉಬುಂಟುವಿನಲ್ಲಿ ಅದು ಬರೀ ಒಂದು ಕೊಂಡಿ, ಬೇರೆ ಪ್ರೋಗ್ರಾಂ ಅದನ್ನು ಮತ್ತೆ ಮತ್ತೆ ಬರೆಯುತ್ತದೆ. ಪರೀಕ್ಷೆಗೆ ಅಂತಾದರೆ ರಿಸಾಲ್ವ್‌ಸಿಟಿಎಲ್ ಡಿಎನ್‌ಎಸ್ ಅಂತ ಬರೆದು, ವೈಫೈ ಇಂಟರ್‌ಫೇಸ್ ಹೆಸರು, ಆಮೇಲೆ 1.1.1.1 ಅಥವಾ 9.9.9.9 ಅನ್ನೋ ಸಾರ್ವಜನಿಕ ಡಿಎನ್‌ಎಸ್ ಸರ್ವರ್ ಕೊಡಿ. ಬೇಡವಾದರೆ ರಿಸಾಲ್ವ್‌ಸಿಟಿಎಲ್ ರಿವರ್ಟ್ ಮತ್ತು ಅದೇ ಇಂಟರ್‌ಫೇಸ್ ಹೆಸರು. ಶಾಶ್ವತವಾಗಿ ಉಳಿಯಬೇಕು ಅಂದರೆ ನೆಟ್‌ವರ್ಕ್ ಸೆಟ್ಟಿಂಗ್ ತಿದ್ದುವ ಎನ್‌ಎಂಸಿಎಲ್‌ಐ ಕಮಾಂಡ್ ಬಳಸಿ ಆ ಕನೆಕ್ಷನ್‌ನ ಐಪಿವಿ4 ಡಾಟ್ ಡಿಎನ್‌ಎಸ್ ಬದಲಿಸಿ, ಜೊತೆಗೆ ಇಗ್ನೋರ್-ಆಟೋ-ಡಿಎನ್‌ಎಸ್ ಅನ್ನು ಯೆಸ್ ಮಾಡಿ. ಐಪಿವಿ6ಗೂ ಇದನ್ನೇ ಮಾಡಬೇಕು. ಅದನ್ನು ಬಿಟ್ಟರೆ ಆ ದಾರಿಯಲ್ಲಿ ಬಂದ ಹಳೇ ಸರ್ವರ್ ಉತ್ತರ ಕೊಡುತ್ತಲೇ ಇರುತ್ತದೆ.

ಬೆಂಗಳೂರಿನ ಕಂಪನಿಗೆ ಊರಲ್ಲೇ ಕೂತು ಕೆಲಸ ಮಾಡುವವರು ಇಲ್ಲಿ ಕೆಲವರಿದ್ದೀರಿ. ಕಂಪನಿಯ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಹಾಕಿದ ಕೂಡಲೇ ಮನೆಯ ಪ್ರಿಂಟರ್ ಹೆಸರು ಕಾಣೆಯಾಗುತ್ತದೆ ಅಂತ ಕೇಳುತ್ತೀರಿ. ರಿಸಾಲ್ವ್‌ಸಿಟಿಎಲ್ ಡೊಮೇನ್ ಅಂತ ಬರೆದು, ವಿಪಿಎನ್ ಇಂಟರ್‌ಫೇಸ್ ಹೆಸರು ಕೊಟ್ಟು, ಕಂಪನಿಯ ಡೊಮೇನಿಗೆ ಮುಂದೆ ಒಂದು ಟಿಲ್ಡೆ (~) ಹಾಕಿ. ಕಂಪನಿಯ ಹೆಸರುಗಳು ಮಾತ್ರ ಆ ಕಡೆ ಹೋಗುತ್ತವೆ. ಅದೇ ಇಂಟರ್‌ಫೇಸ್‌ನಲ್ಲಿ ಟಿಲ್ಡೆ ಮತ್ತು ಬರೀ ಒಂದು ಚುಕ್ಕಿ ಕಂಡರೆ ಎಲ್ಲ ಪ್ರಶ್ನೆಯೂ ವಿಪಿಎನ್ ಕಡೆಗೇ ಹೋಗುತ್ತಿದೆ ಅಂತ ಅರ್ಥ. ಏನು ಬದಲಿಸಿದರೂ ಆಮೇಲೆ ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಹೊಡೆದು ನೋಡಿ, ಯಾವ ಇಂಟರ್‌ಫೇಸ್‌ಗೆ ಯಾವ ಸರ್ವರ್ ಅಂತ ಪೂರ್ತಿ ಕಾಣುತ್ತದೆ.

ಇಂಟರ್ನೆಟ್ ಕಂಪನಿಗೆ ಕಂಪ್ಲೇಂಟ್ ಕೊಡುವಾಗ ನೆಟ್ ಸ್ಲೋ ಅಂತ ಬರೆಯಬೇಡಿ. ಒಂದೇ ಹೆಸರಿಗೆ ಮೂರು ಡಿಗ್ ಉತ್ತರ ಕಳಿಸಿ: ಅವರ ಸರ್ವರನ್ನು ಕೇಳಿದ್ದು, ಹೊರಗಿನ ಒಂದು ಸರ್ವರನ್ನು ಕೇಳಿದ್ದು, ಪ್ಲಸ್ ಟ್ರೇಸ್‌ನದು. ಸ್ಟೇಟಸ್, ಟಿಟಿಎಲ್, ಕೊನೆಯ ಸಾಲುಗಳಲ್ಲಿರುವ ಸಮಯ ಯಾವುದನ್ನೂ ಕತ್ತರಿಸಬೇಡಿ. ಅವರದು ಸರ್ವ್‌ಫೇಲ್, ಉಳಿದೆರಡು ಸರಿ ಅಂತಿದ್ದರೆ ಆ ಕಡೆ ಕೂತ ಎಂಜಿನಿಯರ್ ಸೀದಾ ತಮ್ಮ ರಿಸಾಲ್ವರ್‌ನ ಲಾಗ್ ತೆರೆಯಬಹುದು, ನಿಮ್ಮ ರೂಟರ್ ಆಫ್ ಮಾಡಿ ಆನ್ ಮಾಡಿ ಅಂತ ಹೇಳಬೇಕಾಗಿಲ್ಲ. ಈಗ ಲ್ಯಾಪ್‌ಟಾಪ್ ತಂದವರು ತೆರೆಯಿರಿ, ಈ ಹಾಲ್‌ನ ವೈಫೈಗೆ ಯಾರು ಉತ್ತರ ಕೊಡುತ್ತಿದ್ದಾರೆ ಅಂತ ರಿಸಾಲ್ವ್‌ಸಿಟಿಎಲ್ ಸ್ಟೇಟಸ್‌ನಿಂದಲೇ ಶುರು ಮಾಡೋಣ.