ಬಿಷಪ್ ಹಿಲ್‌ನಲ್ಲಿ ಒಂದು ಡಿಸೆಂಬರ್ ಸಂಜೆ

ಶಿಕಾಗೋ ಬಿಟ್ಟು ಎರಡೂವರೆ ಗಂಟೆಯಾಯ್ತು. ಹೈವೇ ಇಳಿದ ಮೇಲೆ ಎರಡೂ ಕಡೆ ಮೆಕ್ಕೆಜೋಳ ಕೊಯ್ದ ಬೋಳು ಹೊಲ, ಅಷ್ಟೇ. ಊರು ಬಂದದ್ದೇ ಗೊತ್ತಾಗಲಿಲ್ಲ. ಮ್ಯಾಪ್ ಹೇಳಿತು ಅಂತ ಕಾರು ನಿಲ್ಲಿಸಿದೆ. ಇದು ಇಲಿನಾಯ್ ರಾಜ್ಯದ ಬಿಷಪ್ ಹಿಲ್. ಇರುವವರು ನೂರು ಚಿಲ್ಲರೆ ಜನ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದಕ್ಕಿಂತ ಜಾಸ್ತಿ ಇದ್ದಾರೆ!

ಒಂದು ಕಾಲಕ್ಕೆ ಇಲ್ಲಿ ಸಾವಿರದಷ್ಟು ಜನ ಒಟ್ಟಿಗೆ ದುಡಿದು, ಒಟ್ಟಿಗೆ ಉಂಡು ಬದುಕುತ್ತಿದ್ದರು. ಯಾರಿಗೂ ಸ್ವಂತ ಆಸ್ತಿ ಇಲ್ಲ. ಇವರ ಗುರು ಎರಿಕ್ ಯಾನ್ಸನ್ ಸ್ವೀಡನ್ನಿನವನು. ಬೈಬಲ್ ಒಂದೇ ಸಾಕು ಅಂತ ಉಳಿದ ಧರ್ಮಪುಸ್ತಕಗಳನ್ನು ಸುಡಿಸಿದ. ಅಲ್ಲಿನ ಚರ್ಚ್ ಸುಮ್ಮನಿರುತ್ತದಾ? 1846ರಲ್ಲಿ ಹಿಂಬಾಲಕರನ್ನು ಕಟ್ಟಿಕೊಂಡು ಇಲ್ಲಿಗೆ ಬಂದ. ನಾನು ಹೀಟರ್ ಹಾಕಿಕೊಂಡು ಬಂದ ದೂರವನ್ನು ಅವರಲ್ಲಿ ಎಷ್ಟೋ ಜನ ನಡೆದೇ ಬಂದರು. ಮೊದಲ ಚಳಿಗಾಲ ಕಳೆದದ್ದು ಹಳ್ಳದ ದಂಡೆಯಲ್ಲಿ ತೋಡಿದ ಗುಂಡಿಗಳಲ್ಲಿ. ಚಳಿ ಮುಗಿಯುವಷ್ಟರಲ್ಲಿ ಹತ್ತಿರ ಹತ್ತಿರ ನೂರು ಜನ ತೀರಿಕೊಂಡಿದ್ದರು.

ಇಲ್ಲಿ ಕಾಣುವುದು 1848ರ ಚರ್ಚು. ಮೇಲೆ ಪ್ರಾರ್ಥನೆ, ಕೆಳಗೆ ಸಂಸಾರಕ್ಕೊಂದು ಕೋಣೆ. ಒಂದೇ ಕೋಣೆ, ಮಕ್ಕಳು ಮರಿ ಎಲ್ಲ ಸೇರಿ. ಎರಡು ವರ್ಷಕ್ಕೇ ಯಾನ್ಸನ್‌ನನ್ನು ಕೋರ್ಟಿನಲ್ಲಿ ಒಬ್ಬ ಗುಂಡಿಟ್ಟು ಕೊಂದ. ಕೊಂದವನು ಯಾನ್ಸನ್‌ನ ಸೋದರ ಸಂಬಂಧಿಯ ಗಂಡ. ಹೆಂಡತಿಯನ್ನು ಊರಿಂದ ಕರೆದೊಯ್ಯುವ ಜಗಳ ಅಲ್ಲಿಗೆ ಮುಟ್ಟಿತ್ತು. ಆಮೇಲೆ ಸಾಲ, ಒಡಕು, 1861ಕ್ಕೆ ಎಲ್ಲವೂ ಪಾಲಾಯಿತು. ಪಾಲಿನ ಜಗಳ ಯಾವ ಊರಲ್ಲಿ ಇಲ್ಲ ಹೇಳಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮ್ಯೂಸಿಯಂನ ಚಿತ್ರಗಳು. ಬರೆದವನು ಊಲೋಫ್ ಕ್ರಾನ್ಸ್. 1850ರಲ್ಲಿ ಹನ್ನೆರಡು ವರ್ಷದ ಹುಡುಗನಾಗಿ ಬಂದವನು. ಜೀವಮಾನವೆಲ್ಲ ಮನೆಗೆ, ಬೋರ್ಡಿಗೆ ಬಣ್ಣ ಹೊಡೆದು, ವಯಸ್ಸಾದ ಮೇಲೆ ಚಿಕ್ಕಂದಿನಲ್ಲಿ ಕಂಡದ್ದನ್ನು ನೆನಪಿನಿಂದಲೇ ಬರೆದ. ಒಂದರಲ್ಲಿ ಹೊಲದ ಅಡ್ಡಕ್ಕೆ ಹಗ್ಗ ಎಳೆದು ಹಿಡಿದಿದ್ದಾರೆ. ಅದರ ಗುಂಟ ಹೆಂಗಸರು ಸಾಲಾಗಿ ನಿಂತು ಮೆಕ್ಕೆಜೋಳ ಊರುತ್ತಿದ್ದಾರೆ. ಹಗ್ಗ ಮುಂದೆ ಸರಿದರೆ ಇಡೀ ಸಾಲೂ ಸರಿಯಬೇಕು. ಒಬ್ಬಳು ಸೊಂಟ ನೆಟ್ಟಗೆ ಮಾಡಿಕೊಳ್ಳಲು ನಿಂತರೆ ಏನಾಗುತ್ತಿತ್ತೋ!

ಊರಿನ ಗೋಪುರದ ಕಟ್ಟಡದ ಮೇಲಿನ ಗಡಿಯಾರ ನೋಡಿ. ಗಂಟೆಯ ಮುಳ್ಳು ಮಾತ್ರ ಇದೆ. ನಿಮಿಷ ನೋಡಿಕೊಂಡು ಕೆಲಸ ಮಾಡಿದವರಲ್ಲ ಅನಿಸುತ್ತದೆ.

ಇವತ್ತು ಸ್ವೀಡನ್ನಿನವರ ದೀಪದ ಹಬ್ಬ, ಲೂಸಿಯಾ. ಬೀದಿಯುದ್ದಕ್ಕೂ ಕಿಟಕಿಗೊಂದು ಮೋಂಬತ್ತಿ. ಬಿಳಿ ನಿಲುವಂಗಿ, ತಲೆ ಮೇಲೆ ದೀಪದ ಕಿರೀಟ ಇಟ್ಟ ಹುಡುಗಿ ಬಾಗಿಲಲ್ಲೇ ನಿಂತಿದ್ದಾಳೆ. ದೀಪ ಬ್ಯಾಟರಿಯದು, ಅದಕ್ಕೇ ಆರಾಮಾಗಿ ತಲೆ ಅಲ್ಲಾಡಿಸುತ್ತಿದ್ದಾಳೆ. ಒಳಗೆ ಕಾಲಿಡುವ ಮೊದಲೇ ಕುಕೀ ತಟ್ಟೆ ಮುಂದೆ ಬಂತು. ಒಂದು ತೆಗೆದುಕೊಂಡೆ. ತಟ್ಟೆ ಹಿಂದೆ ಹೋಗಲಿಲ್ಲ. ಇನ್ನೊಂದು ತೆಗೆದುಕೊಂಡ ಮೇಲೇ ಕಾಫಿ ಕೊಟ್ಟಳು.