ಉದ್ದಿನ ಬೇರು, ಬೈಲುಗದ್ದೆಯ ಕೆಸರು

ಬಾನುಲಿ ಕೇಳುಗರಿಗೆ ನಮಸ್ಕಾರ.

ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಮುಗಿದು, ಗದ್ದೆಯಲ್ಲಿ ಇನ್ನೂ ಪಸೆಯಿರುವಾಗಲೇ ಉದ್ದು ಬಿತ್ತುವ ರೂಢಿ ಉಡುಪಿ ಜಿಲ್ಲೆಯ ನಮ್ಮ ಊರುಗಳಲ್ಲಿ ಬಹಳ ಹಿಂದಿನಿಂದ ನಡೆದುಬಂದಿದೆ. ಬಿತ್ತಿ ಒಂದು ತಿಂಗಳಾದ ಮೇಲೆ ಒಂದು ಗಿಡವನ್ನು ಬುಡದ ಮಣ್ಣಿನೊಂದಿಗೆ ಮೆಲ್ಲಗೆ ಎಬ್ಬಿಸಿ, ನೀರಿನಲ್ಲಿ ಅದ್ದಿ ತೊಳೆದರೆ, ಬೇರುಗಳಲ್ಲಿ ಸಾಸಿವೆ ಕಾಳಿನ ಗಾತ್ರದ ಗಂಟುಗಳು ಕಾಣುತ್ತವೆ. ಕಳೆದ ವರ್ಷ ಗದ್ದೆಯ ಹುಣಿಯ ಮೇಲೆ ಕುಳಿತು ಅಂಥ ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿದೆ; ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಸಂಬಂಧವುಳ್ಳ ವಸ್ತುವೊಂದು ಆ ಬಣ್ಣವನ್ನು ಕೊಡುತ್ತದೆ. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾಗಳಿಗೆ ಉಸಿರಾಟಕ್ಕೆ ಬೇಕಾದಷ್ಟೇ ಆಮ್ಲಜನಕವನ್ನು ಒದಗಿಸಿ, ಹೆಚ್ಚಿನದು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುವ ಅವುಗಳ ಕಿಣ್ವವನ್ನು ಕೆಡಿಸದಂತೆ ಕಾಯುವುದು ಅದರ ಕೆಲಸ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆದರೆ ಅದರ ಎರಡೆರಡು ಪರಮಾಣುಗಳು ಮೂರೆಳೆಯ ಬಂಧದಲ್ಲಿ ಬಿಗಿದುಕೊಂಡಿರುವುದರಿಂದ ಭತ್ತಕ್ಕಾಗಲಿ ಅಡಿಕೆಗಾಗಲಿ ಅದು ನೇರವಾಗಿ ದಕ್ಕದು. ಈ ಬಂಧವನ್ನು ಬಿಡಿಸಲು ಗೊಬ್ಬರದ ಕಾರ್ಖಾನೆಗೆ ಸುಮಾರು 400 ಡಿಗ್ರಿ ಶಾಖವೂ ಭಾರೀ ಒತ್ತಡವೂ ಬೇಕು. ಬ್ಯಾಕ್ಟೀರಿಯಾಗಳು ಅದನ್ನೇ ಮಣ್ಣಿನ ಬಿಸುಪಿನಲ್ಲಿ, ಗಿಡ ಕೊಡುವ ಸಕ್ಕರೆಯ ಬಲದಿಂದ ಮಾಡಿ ಮುಗಿಸುತ್ತವೆ. 1888ರಲ್ಲಿ ಹಾಲೆಂಡಿನ ವಿಜ್ಞಾನಿ ಬೈಯರಿಂಕ್ ಇವುಗಳನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು.

ಮಳೆಗಾಲದ ಬೈಲುಗದ್ದೆಯಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ವ್ಯಾಪಾರ. ನಿಂತ ನೀರಿನ ಕೆಳಗೆ ಕೆಸರಿನ ಮೇಲ್ಪದರದ ಕೆಲವೇ ಮಿಲಿಮೀಟರುಗಳಷ್ಟು ಮಾತ್ರ ಆಮ್ಲಜನಕವಿರುತ್ತದೆ. ಅಲ್ಲಿ ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಮುಂತಾದ ಬ್ಯಾಕ್ಟೀರಿಯಾಗಳು ಗೊಬ್ಬರದಿಂದ ಬಂದ ಅಮೋನಿಯವನ್ನು, ಸಾರಜನಕಕ್ಕೆ ಆಮ್ಲಜನಕ ಕೂಡಿದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆ ನೈಟ್ರೇಟ್ ಮಣ್ಣಿಗೆ ಅಂಟದೆ ಕೆಳಗಿನ ಕಪ್ಪು ಕೆಸರಿಗೆ ಇಳಿದರೆ, ಅಲ್ಲಿ ಉಸಿರಿಗೆ ಆಮ್ಲಜನಕ ಸಿಗದ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಸಿದುಕೊಂಡು ಸಾರಜನಕವನ್ನು ಅನಿಲವಾಗಿಸಿ ಬಿಟ್ಟುಕೊಡುತ್ತವೆ. ನಿಂತ ನೀರಿಗೆ ಯೂರಿಯಾ ಎರಚಿದ ರೈತನ ಹಣದ ಒಂದು ಪಾಲು ಹೀಗೆ ಗಾಳಿಗೆ ಹೋಗುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೀರನ್ನು ಬಸಿದು, ಗೊಬ್ಬರವನ್ನು ಎರಡು ಮೂರು ಕಂತುಗಳಲ್ಲಿ ಕೆಸರಿಗೆ ಸೇರಿಸಿ, ಆಮೇಲೆ ನೀರು ಕಟ್ಟಿದರೆ ನಷ್ಟ ಕಡಿಮೆಯಾಗುತ್ತದೆ.

ತಿಂಗಳುಗಟ್ಟಲೆ ನೀರಿನಲ್ಲಿದ್ದ ಗದ್ದೆಯಲ್ಲಿ ರೈಜೋಬಿಯಂ ಕಡಿಮೆಯಾಗಿರಬಹುದು. ಆದ್ದರಿಂದ ಉದ್ದಿನ ಬೀಜಕ್ಕೆ ಬೆಲ್ಲದ ನೀರು ಚಿಮುಕಿಸಿ, ರೈಜೋಬಿಯಂ ಅಣುಜೀವಿ ಗೊಬ್ಬರವನ್ನು ಬೆರೆಸಿ, ಬಿಸಿಲಿಗೆ ಹಾಕದೆ ಜಗಲಿಯ ನೆರಳಿನಲ್ಲಿ ಆರಿಸಿ, ಅದೇ ದಿನ ಬಿತ್ತಬೇಕು.