ಬಿಳಿ ಉಳಿಸಿ: ಫಿಲ್ಮ್ ಬಿಟ್ಟು ಡಿಜಿಟಲ್‌ಗೆ ಬಂದವರಿಗೆ

ಕಲಬುರಗಿ ಆಕಾಶವಾಣಿ ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಫೋಟೊ ತೆಗೆದೇ ಹೊಟ್ಟೆ ತುಂಬಿಸಿಕೊಳ್ಳುವವರಿಗೆ. ಸೇಡಂ, ಆಳಂದ, ಚಿತ್ತಾಪುರದ ಸ್ಟುಡಿಯೊಗಳಲ್ಲಿ ರೇಡಿಯೊ ಹಚ್ಚಿಟ್ಟು ಆಲ್ಬಂ ಜೋಡಿಸುತ್ತ ಕೂತಿರುವ ನಿಮಗೆ.

ಫಿಲ್ಮ್ ಒಳ್ಳೆಯದೋ, ಡಿಜಿಟಲ್ ಒಳ್ಳೆಯದೋ ಅಂತ ಈಗಲೂ ಕೇಳುತ್ತಾರೆ. ದುಡಿಮೆಗೆ ಡಿಜಿಟಲ್. ಅದರಲ್ಲಿ ಮಾತೇ ಇಲ್ಲ. ಅಕ್ಕಿಕಾಳು ಬೀಳುವಷ್ಟರಲ್ಲಿ ಬೀಗರು ವಾಟ್ಸಾಪ್‌ಗೆ ಫೋಟೊ ಕೇಳುತ್ತಾರೆ. 36 ಫ್ರೇಮಿನ ರೋಲ್ ತೊಳೆಯಲು ಕಳಿಸಿ ಕಾಯುತ್ತ ಕೂರಲು ಆಗುತ್ತಾ? ಆದರೆ ಕ್ಯಾಮೆರಾ ಬದಲಾಯಿತು, ಕೈಯ ಅಭ್ಯಾಸ ಬದಲಾಗಲಿಲ್ಲ. ನನ್ನ ತಕರಾರು ಅದೊಂದೇ. ಡಿಜಿಟಲ್‌ನಲ್ಲಿ ಬಿಳಿ ಉಳಿಸಿ.

ಕಲರ್ ನೆಗೆಟಿವ್‌ಗೆ ಬೆಳಕು ಕಮ್ಮಿಯಾದರೆ ತೊಂದರೆ. ನೆರಳೆಲ್ಲ ಮಸಿಯಾಗಿ ಕಾಳುಕಾಳಾಗುತ್ತಿತ್ತು. ಜಾಸ್ತಿಯಾದರೆ ಎರಡು ಮೂರು ಸ್ಟಾಪ್‌ವರೆಗೂ ತಡೆದುಕೊಳ್ಳುತ್ತಿತ್ತು. ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡು ಪಟ್ಟು. ಅದಕ್ಕೇ ನಮ್ಮ ಹಿರಿಯರು ‘ಅನುಮಾನ ಬಂದರೆ ಒಂದು ಸ್ಟಾಪ್ ಜಾಸ್ತಿ ಕೊಡು’ ಅಂತ ಕಲಿಸಿದರು. ಆ ಕಾಲಕ್ಕೆ ಅದು ಸರಿ. ಡಿಜಿಟಲ್ ಸೆನ್ಸರ್‌ನಲ್ಲಿ ಒಂದೊಂದು ಪಿಕ್ಸೆಲ್ಲೂ ಒಂದು ತಂಬಿಗೆ ಇದ್ದಂತೆ. ತುಂಬಿದ ಮೇಲೆ ಎಷ್ಟೇ ಬೆಳಕು ಸುರಿದರೂ ಅದರೊಳಗೆ ಇಳಿಯುವುದಿಲ್ಲ. ಜೆಪೆಗ್ ಫೈಲ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದರ ಲೆಕ್ಕವೂ 0ಯಿಂದ 255ರವರೆಗೆ. ಮೂರೂ ಬಣ್ಣ 255 ಮುಟ್ಟಿದರೆ ಅಲ್ಲಿ ಬರೀ ಬಿಳಿ. ನೂಲಿಲ್ಲ, ಮಡಿಕೆಯಿಲ್ಲ, ಏನೂ ಇಲ್ಲ. ಬೆಳಕು ಜಾಸ್ತಿಯಾದರೆ ಬಿಳಿ ಸುಡುತ್ತಿದ್ದ ಸ್ಲೈಡ್ ಫಿಲ್ಮ್‌ನಲ್ಲಿ ಕೆಲಸ ಮಾಡಿದವರಿಗೆ ಈ ಭಯ ಗೊತ್ತು. ನೆಗೆಟಿವ್‌ನಲ್ಲೇ ಬೆಳೆದವರಿಗೆ ಗೊತ್ತಿಲ್ಲ.

ನಮ್ಮ ಕಡೆಯ ಒಬ್ಬ ಹಿರಿಯ ಫೋಟೊಗ್ರಾಫರ್ ಕಥೆ ಹೇಳುತ್ತೇನೆ. ಯಾಶಿಕಾ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೊ ತೆಗೆದು, ಒಂದೂ ಹಾಳು ಮಾಡದೆ ಮದುವೆ ಮುಗಿಸುತ್ತಿದ್ದ ಮನುಷ್ಯ. ಕೈ ಅಂದರೆ ಕೈ! ಡಿಜಿಟಲ್ ಕೊಂಡ ಹೊಸದರಲ್ಲಿ ಮೇ ತಿಂಗಳ ಒಂದು ಮದುವೆಗೆ ಹೋದರು. ನಡು ಮಧ್ಯಾಹ್ನ. ಅಂಗಳದ ತುಂಬ ಶಹಾಬಾದ್ ಕಲ್ಲು, ಅದರ ಮೇಲೆ ಬಿಸಿಲು. ಹುಡುಗಿಯ ತಂದೆ ಶಾಮಿಯಾನದ ಅಂಚಿಗೆ ಕೂತಿದ್ದಾರೆ. ಮುಖ ನೆರಳಲ್ಲಿ, ಉಟ್ಟ ದೋತರ ಬಿಸಿಲಲ್ಲಿ. ನಮ್ಮ ಫೋಟೊಗ್ರಾಫರ್ ಮುಖದ ಬೆಳಕಿಗೆ ಮೀಟರ್ ನೋಡಿದರು. ಅಭ್ಯಾಸದಂತೆ ಮೇಲೆ ಒಂದು ಸ್ಟಾಪ್ ಜಾಸ್ತಿ ಕೊಟ್ಟರು. ಮುಖ ಚೆಂದ ಬಂತು.

ಆಲ್ಬಂ ನೋಡಿದ ಮಗಳು ಕೇಳಿದ್ದು ಒಂದೇ ಪ್ರಶ್ನೆ. “ನಮ್ಮಪ್ಪನ ದೋತರದ ಜರಿ ಅಂಚು ಎಲ್ಲಿ ಹೋಯ್ತ್ರಿ?” ಮದುವೆಗೆ ಅಂತ ಆಕೆಯೇ ಆರಿಸಿ ತಂದ ದೋತರ ಅದು. ಫೋಟೊದಲ್ಲಿ ದೋತರವೂ ಇಲ್ಲ, ಅಂಚೂ ಇಲ್ಲ. ಸೊಂಟದಿಂದ ಕೆಳಗೆ ಬರೀ ಕಾಗದ. ಆ ಫೋಟೊಗ್ರಾಫರ್ ಫೈಲ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. “ಸರ, ಫೋಟೊಶಾಪ್‌ನಾಗ ಇದನ್ನ ಹೊರಗ ತೆಗೀರಿ” ಅಂದರು. ತೆರೆದು ನೋಡಿದರೆ ಜೆಪೆಗ್. ದೋತರದ ಮೇಲೆ ಎಲ್ಲಿ ಕರ್ಸರ್ ಇಟ್ಟರೂ 255, 255, 255. ಇಲ್ಲದ್ದನ್ನು ತೆಗೆಯುವುದು ಹೇಗೆ?

ಅವರು ಒಪ್ಪಲಿಲ್ಲ. “ನೆಗೆಟಿವ್ ಇದ್ದಿದ್ರ ಲ್ಯಾಬ್‌ನವ್ರು ಎಳೆದು ತರ್ತಿದ್ರು” ಅಂದರು. ನಿಜವೇ. ಮಾತಿನಿಂದ ಬಗೆಹರಿಯುವ ಜಗಳ ಅಲ್ಲ ಅನ್ನಿಸಿ, ಮರುದಿನ ಮಧ್ಯಾಹ್ನ ಒಂದು ಜರಿ ದೋತರ ಹಗ್ಗದ ಮೇಲೆ ಹರವಿದೆವು. ಐಎಸ್‌ಒ 100, ಶಟರ್ 1/125, ಎರಡೂ ಬದಲಿಸಲಿಲ್ಲ. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಮಾತ್ರ ಬದಲಿಸಿದೆವು. ಎಫ್ ಸಂಖ್ಯೆ ಏರಿದಷ್ಟೂ ಬೆಳಕು ಕಮ್ಮಿ. ಎಫ್ 4ರಲ್ಲಿ ಕಾಗದ. 5.6ರಲ್ಲೂ ಕಾಗದ. 8ಕ್ಕೆ ಮಡಿಕೆಯ ಸುಳಿವು ಸಿಕ್ಕಿತು. 11ಕ್ಕೆ ಅಂಚು ಎದ್ದಿತು. 16ಕ್ಕೆ ಜರಿಯ ಎಳೆ ಎಣಿಸಬಹುದಿತ್ತು. ಅವರು ಸ್ಕ್ರೀನ್ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಸುಮ್ನೆ ನೋಡಿದರು. ಆಮೇಲೆ “ಹಂಗಾದ್ರ ಮುಖ ಕಪ್ಪಾಗ್ತದಲ್ರಿ?” ಅಂದರು. ಕಸುಬು ಬಲ್ಲವರು ಕೇಳುವ ಪ್ರಶ್ನೆ ಇದು!

ಮುಖಕ್ಕೆ ಫ್ಲ್ಯಾಶ್ ಕೊಡಿ. ಹಗಲಲ್ಲಿ ಫ್ಲ್ಯಾಶ್ ಯಾಕೆ ಅನ್ನಬೇಡಿ, ನಮ್ಮ ಬಿಸಿಲಿಗೆ ಅದು ಬೇಕೇ ಬೇಕು. ದೋತರಕ್ಕೆ ಎಕ್ಸ್‌ಪೋಶರ್, ಮುಖಕ್ಕೆ ಫ್ಲ್ಯಾಶ್. ಶಟರ್ ಮಾತ್ರ ಸಿಂಕ್ ವೇಗ, ಅಂದರೆ ಫ್ಲ್ಯಾಶ್ ಜೊತೆ ಹೊಂದುವ ಗರಿಷ್ಠ ವೇಗ, ದಾಟದಿರಲಿ. ಬಹಳ ಕ್ಯಾಮೆರಾಗಳಲ್ಲಿ ಅದು 1/200ರ ಆಸುಪಾಸು. ಫ್ಲ್ಯಾಶ್ ಇಲ್ಲವೇ? ಮುಖ ಸ್ವಲ್ಪ ಕಪ್ಪಾಗಲಿ ಬಿಡಿ. ರಾ ಫೈಲ್‌ನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲ್‌ನಲ್ಲಿ, ತೆಗೆದಿದ್ದರೆ ನೆರಳನ್ನು ಆಮೇಲೆ ಎತ್ತಬಹುದು. ಸತ್ತ ಬಿಳಿಯನ್ನು ಯಾರೂ ಎಬ್ಬಿಸಲಾರರು.

ಇನ್ನು ಕ್ಯಾಮೆರಾ ಮೆನುವಿನಲ್ಲಿ ಹೈಲೈಟ್ ಅಲರ್ಟ್ ಅಂತ ಇರುತ್ತದೆ. ದಯವಿಟ್ಟು ಆನ್ ಮಾಡಿ. ಬಿಳಿ ಸುಟ್ಟಲ್ಲಿ ಮಿಣಮಿಣ ಮಿಂಚುತ್ತದೆ. ಎಷ್ಟು ಸಲ ಹೇಳಿದರೂ ‘ಅದು ಕಣ್ಣಿಗೆ ಕಿರಿಕಿರಿ’ ಅಂತ ಆಫ್ ಮಾಡಿಡುತ್ತಾರೆ. ಕಿರಿಕಿರಿ ಆಗಲೆಂದೇ ಅದನ್ನು ಇಟ್ಟಿರುವುದು! ಬಂದೇನವಾಜ್ ದರ್ಗಾದ ಗುಮ್ಮಟ, ಶರಣಬಸವೇಶ್ವರ ಜಾತ್ರೆಯ ಬಿಳಿ ರುಮಾಲು, ಬೀದರಿನ ಬಿದರಿ ಹೂದಾನಿ, ಇವನ್ನೆಲ್ಲ ತೆಗೆಯುವಾಗ ಅದು ಬೇಕು. ಬಿದರಿಯಂತೂ ಕಪ್ಪು ಮೈಮೇಲೆ ಬೆಳ್ಳಿ ಎಳೆ. ಕಪ್ಪಿಗೆ ಮೀಟರ್ ನೋಡಿದರೆ ಬೆಳ್ಳಿಯ ಕುಸುರಿಯೆಲ್ಲ ಹೋಯಿತು. ಅದರ ಬಗ್ಗೆ ಇನ್ನಷ್ಟು ಹೇಳಬೇಕಿತ್ತು, ಸಮಯ ಇಲ್ಲ.

ಫೈಲ್ ಕಾಪಾಡುವ ಬಗ್ಗೆ ಒಂದೇ ಮಾತು. ಕ್ಯಾಮೆರಾದಲ್ಲಿ ಎರಡು ಕಾರ್ಡ್ ಹಿಡಿಸಿದರೆ ಎರಡರಲ್ಲೂ ಬರೆಯುವಂತೆ ಇಡಿ. ಎರಡು ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ನಮಸ್ಕಾರ.